ತಲೆಯ ಮೇಲಿನ ಗೂಡಿನಲ್ಲಿ ಉಳಿದ ಅವ್ವನ ಚೀಲ

ವಿಮಾನದಲ್ಲಿ ಹೊಗೆ ಎದ್ದಾಗ ಸಾಮಾನು ಎಳೆದುಕೊಂಡು ಓಡುವವರನ್ನು ಟಿವಿಯಲ್ಲಿ ಕಂಡಾಗಲೆಲ್ಲ ಬಾಯಿ ತುಂಬ ಬೈಯುತ್ತಿದ್ದವಳು ನಾನು. ಜೀವಕ್ಕಿಂತ ಬಟ್ಟೆಯ ಗಂಟು ಹೆಚ್ಚಾಯಿತೇ ಇವರಿಗೆ ಎಂದು. ಈಗಲೂ ಆ ನಿಯಮ ಸರಿ ಎಂದೇ ಹೇಳುತ್ತೇನೆ. ಹೇಳುವಾಗ ಮೊದಲಿನ ಜೋರು ಮಾತ್ರ ಇರುವುದಿಲ್ಲ.

ಚಿತ್ತಾಪುರದ ಶಾಲೆಯಲ್ಲಿ ಇಪ್ಪತ್ತು ವರ್ಷ ಪಾಠ ಹೇಳಿದ ನನಗೆ ಸಾಲು ಕೆಟ್ಟರೆ ಆಗುವುದಿಲ್ಲ, ತಡವಾದರೂ ಆಗುವುದಿಲ್ಲ. ಅವ್ವ ತದ್ವಿರುದ್ಧ. ಸೇಡಂನ ಮನೆಯಿಂದ ಬಸ್ ಸ್ಟ್ಯಾಂಡಿಗೆ ಹೋಗಬೇಕೆಂದರೂ ದಾರಿಯಲ್ಲಿ ನಾಲ್ಕು ಮನೆಯವರನ್ನು ಮಾತಾಡಿಸಿಯೇ ಹೋಗುವವಳು. ಅಕ್ಕನ ಗಂಡನಿಗೆ ಇಲ್ಲಿನ ಸಿಮೆಂಟ್ ಕಾರ್ಖಾನೆಯಿಂದ ನಾಗಪುರದ ಕಡೆಗೆ ವರ್ಗವಾಗಿತ್ತು. ಅವರ ಮೊಮ್ಮಗಳನ್ನು ತೊಟ್ಟಿಲಿಗೆ ಹಾಕುವ ಕಾರ್ಯಕ್ಕೆ ನಾವಿಬ್ಬರೂ ಹೈದರಾಬಾದಿನಿಂದ ಹೊರಟೆವು. ಅವ್ವನಿಗೆ ಅದೇ ಮೊದಲ ವಿಮಾನ.

ತಪಾಸಣೆಯ ಸಾಲಿನಲ್ಲಿ ಅವಳ ಚೀಲದೊಳಗಿನ ವಿಭೂತಿ ಗಟ್ಟಿಯನ್ನು ನೋಡಿ ಇದೇನೆಂದು ಒಮ್ಮೆ ತಡೆದರು. ಶೇಂಗಾ ಹೋಳಿಗೆಯ ಡಬ್ಬಿಗೆ ಇನ್ನೊಮ್ಮೆ. ಹಿಂದಿನವರು ಗೊಣಗತೊಡಗಿದ್ದರು. ಕೊನೆಗೆ ಹೆಂಗಸರ ತಪಾಸಣೆಯ ಪರದೆಯ ಹಿಂದೆ, ನಾನೂ ಪಕ್ಕದಲ್ಲೇ ನಿಂತಿದ್ದಾಗ, ಅವ್ವನ ಎದೆಯ ಹತ್ತಿರ ಯಂತ್ರ ಕಿರುಗುಟ್ಟಿತು. ಅವಳ ಇಷ್ಟಲಿಂಗ ಇರುವ ಬೆಳ್ಳಿಯ ಕರಡಿಗೆ ಅದು. ಹುಟ್ಟಿದಾಗ ಮಠದ ಅಯ್ಯನವರು ಕಟ್ಟಿದ ಲಿಂಗ. ಎಪ್ಪತ್ತೆರಡು ವರ್ಷ ಅವಳ ಮೈ ಬಿಟ್ಟು ಇಳಿದದ್ದಲ್ಲ, ಅದಕ್ಕೆ ನೀರು ಹಾಕದೆ ಅವಳು ಒಂದು ಗುಟುಕು ಚಹಾ ಕುಡಿದದ್ದೂ ಇಲ್ಲ. ಅವ್ವ ಎರಡೂ ಕೈಯಿಂದ ಕರಡಿಗೆಯನ್ನು ಮುಚ್ಚಿಕೊಂಡು ನಿಂತಳು. ಪರಕೀಯರ ಎದುರು ಅದನ್ನು ತೆರೆಯುವ ಪದ್ಧತಿ ನಮ್ಮಲ್ಲಿಲ್ಲ.

ತಪಾಸಣೆಯ ಹೆಣ್ಣುಮಗಳು ಒಳ್ಳೆಯವಳು. ತೆರೆಯುವುದು ಬೇಡ, ಹಾಗೇ ಒಮ್ಮೆ ಕೈಯಿಂದ ಮುಟ್ಟಿ ನೋಡಿ ಬಿಡುತ್ತೇನೆ, ಕೊರಳಲ್ಲೇ ಇರಲಿ ಎಂದು ಹಿಂದಿಯಲ್ಲಿ ಹೇಳಿದಳು. ಅವ್ವನಿಗೆ ಹಿಂದಿ ಬಾರದು. ನನಗೆ ಬರುತ್ತದೆ.

"ಯವ್ವಾ, ತಗದು ಚೀಲದಾಗ ಹಾಕು. ಮಂದಿ ನಿಂತಾರ," ಎಂದೆ.

ಅವ್ವ ನನ್ನ ಮುಖ ನೋಡಿದಳು. ಆಮೇಲೆ ಕರಡಿಗೆ ಕಟ್ಟಿದ್ದ ಶಿವದಾರ ಬಿಚ್ಚಿದಳು.

ಒಮ್ಮೆ ಇಳಿದ ಲಿಂಗವನ್ನು ಕೈಕಾಲು ತೊಳೆದು, ವಿಭೂತಿ ಹಚ್ಚಿಕೊಂಡು, ಪೂಜೆ ಮಾಡಿಯೇ ಮತ್ತೆ ಕಟ್ಟಿಕೊಳ್ಳಬೇಕು. "ನಾಗಪುರದಾಗ ಮಾಡೀಯಂತ, ನಡಿ," ಎಂದು ಕರೆದುಕೊಂಡು ಹೋದೆ. ವಿಮಾನದಲ್ಲಿ ಚೀಲವನ್ನು ಮುಂದಿನ ಸೀಟಿನ ಕೆಳಗೆ ಇಡಿ ಎಂದರು. ಲಿಂಗ ಕಾಲಿನ ಹತ್ತಿರವೇ? ಅವ್ವ ಒಪ್ಪಲೇ ಇಲ್ಲ. ಹಾಗಾಗಿ ಚೀಲ ತಲೆಯ ಮೇಲಿನ ಗೂಡಿಗೆ ಹೋಯಿತು.

ವಿಮಾನ ಜೋರಾಗಿ ಓಡಿತು, ಏರಲಿಲ್ಲ. ಗಕ್ಕನೆ ನಿಂತಿತು. ಎಡಗಡೆಯಿಂದ ಸುಟ್ಟ ವಾಸನೆ, ಹಿಂದೆಯೇ ಹೊಗೆ. ಎಲ್ಲ ಬಿಟ್ಟು ಬನ್ನಿ, ಬಿಟ್ಟು ಬನ್ನಿ ಎಂದು ಸಿಬ್ಬಂದಿ ಕೂಗುತ್ತಿದ್ದರು. ನಾನು ಬೆಲ್ಟು ಬಿಚ್ಚಿಕೊಳ್ಳುವಷ್ಟರಲ್ಲಿ ಅವ್ವ ಗೂಡಿನ ಮುಚ್ಚಳ ತೆರೆದು ಚೀಲದ ಹಿಡಿಕೆ ಹಿಡಿದಿದ್ದಳು.

"ಬಿಡು ಯವ್ವಾ!"

"ಅದರಾಗ ನನ್ನ ಲಿಂಗ ಅದ."

ಹಿಂದೆ ಒಬ್ಬ ಬಸುರಿ ನಿಂತಿದ್ದಳು. ನಮ್ಮಿಂದಾಗಿ ಅವಳ ದಾರಿ ಕಟ್ಟಿತ್ತು. ನಾನು ಅವ್ವನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದೆ. ನಾಲ್ಕನೆಯದು ಬರಲಿಲ್ಲ, ತಿರುಚಿದೆ. ಹಾಗೇ ಎಳೆದುಕೊಂಡು ಹೋಗಿ ಬಾಗಿಲಲ್ಲಿ ಉಬ್ಬಿ ನಿಂತಿದ್ದ ರಬ್ಬರಿನ ಜಾರುಬಂಡಿಯ ಮೇಲೆ ದೂಡಿದೆ.

ಯಾರ ಜೀವಕ್ಕೂ ಏನೂ ಆಗಲಿಲ್ಲ. ಬಯಲಿನಲ್ಲಿ ನಮ್ಮ ಪಕ್ಕ ಒಬ್ಬ ಗಂಡಸು ದೊಡ್ಡ ಸೂಟ್‌ಕೇಸಿನ ಜೊತೆ ನಿಂತಿದ್ದ. ಅವ್ವ ಅವನನ್ನೇ ನೋಡುತ್ತಿದ್ದಳು.

"ಅಂವ ತಂದಾನ," ಎಂದಳು.

ಅಂಥವರಿಂದಲೇ ಹಿಂದಿನವರು ಸಾಯುವುದು ಎಂದು ನಾನು ರೇಗಿದೆ. ಮಾತು ಸರಿಯಾದದ್ದೇ. ಹೇಳಿದ ಹೊತ್ತು ಸರಿಯಿರಲಿಲ್ಲ.

ತನಿಖೆ ಮುಗಿಯುವವರೆಗೆ ಚೀಲ ಸಿಗುವುದಿಲ್ಲ, ಮನೆಗೆ ಕಳಿಸುತ್ತೇವೆ ಎಂದರು. ನಾಗಪುರದ ಕಾರ್ಯ ಬಿಟ್ಟು ಊರಿಗೆ ತಿರುಗಿದೆವು. ಕೈಗೆ ಕೊಟ್ಟ ನೀರಿನ ಬಾಟಲಿಯನ್ನು ಅವ್ವ ಸೇಡಂ ಮುಟ್ಟುವ ತನಕ ಮಡಿಲಲ್ಲಿ ಇಟ್ಟುಕೊಂಡೇ ಬಂದಳು, ತೆರೆಯಲಿಲ್ಲ. ಸಕ್ಕರೆ ಕಾಯಿಲೆಯ ಹೆಂಗಸು. ಮರುದಿನ ಮಧ್ಯಾಹ್ನಕ್ಕೆ ತುಟಿ ಒಡೆದು ನಾಲಿಗೆ ಹೊರಳದಾಯಿತು. ಡಾಕ್ಟರ್ ಮನೆಗೇ ಬಂದರು, ಮೈಮೇಲೆ ಲಿಂಗವಿಲ್ಲದೆ ಏನೂ ಬೇಡವೆಂದು ಅವ್ವ ಸಲೈನ್ ಹಾಕಿಸಿಕೊಳ್ಳಲಿಲ್ಲ. ನಾನು ಕಾಲು ಹಿಡಿದೆ, ಅತ್ತೆ, ಬೈದೆ. ಕೊನೆಗೆ ಮಠಕ್ಕೆ ಓಡಿದೆ.

ಅಯ್ಯನವರು ಹೊಸ ಲಿಂಗ ತಂದರು. "ಯವ್ವ, ನೀನೇನು ಬೇಕಂತ ಬಿಟ್ಟು ಬಂದಿಯೇನು? ಕೈ ಚಾಚು," ಎಂದರು. ಬಹಳ ಹೊತ್ತಿನ ಮೇಲೆ ಅವ್ವ ಎಡಗೈ ಚಾಚಿದಳು. ಪೂಜೆಯಾಗಿ ಅವಳು ನೀರು ಕುಡಿದದ್ದನ್ನು ನೋಡಿ, ಎಲ್ಲ ಮುಗಿಯಿತೆಂದುಕೊಂಡು ಅಡುಗೆಮನೆಯಲ್ಲಿ ಕುಳಿತು ಅತ್ತುಬಿಟ್ಟೆ.

ಇಪ್ಪತ್ತೆರಡನೆಯ ದಿನ ಚೀಲ ಬಂತು. ಹೋಳಿಗೆಗೆ ಬೂಸ್ಟು ಹಿಡಿದಿತ್ತು. ಕರಡಿಗೆಗೆ ಒಂದು ಗೀರೂ ಇರಲಿಲ್ಲ. ಅವ್ವ ಕೈ ತೊಳೆದುಕೊಂಡು ಬಂದು, ಹಳೆಯ ಲಿಂಗವನ್ನು ಅಂಗೈಯಲ್ಲಿಟ್ಟುಕೊಂಡು ಕುಳಿತಳು. "ಇಷ್ಟು ದಿನ ಒಂದು ಹನಿ ನೀರಿಲ್ಲ ಇದಕ್ಕ," ಎಂದಳು. ನನಗಲ್ಲ, ಅದಕ್ಕೇ ಹೇಳಿದಂತಿತ್ತು. ಒಂದು ಮೈಗೆ ಒಂದೇ ಲಿಂಗ, ಹಳೆಯದನ್ನು ಹೊಳೆಗೆ ಬಿಡಬೇಕು ಎಂದು ಅಯ್ಯನವರು ಮೊದಲೇ ತಿಳಿಸಿದ್ದರು.

ನನ್ನಿಂದ ತಡೆಯಲಾಗಲಿಲ್ಲ. "ಯವ್ವಾ, ತಪ್ಪು ನಂದು. ಆ ತಪಾಸಣಿಯಾಕಿ ಕೊಳ್ಳಾಗೇ ಇರಲಿ ಅಂದಿದ್ಳು. ನನಗ ಅವಸರ ಆಗಿತ್ತು. ನಾ ನಿನಗ ಹೇಳಲಿಲ್ಲ."

"ಗೊತ್ತದ," ಎಂದಳು ಅವ್ವ.

ನನಗೆ ಅರ್ಥವಾಗಲಿಲ್ಲ.

"ಆಕಿ ಮಾತು ತಿಳೀಲಿಲ್ಲ, ಕೈಸನ್ನಿ ತಿಳೀಲಾರದಷ್ಟು ದಡ್ಡಿ ಏನು ನಾನು? ಇರಲಿ ಇರಲಿ ಅಂತ ಎದಿ ಮ್ಯಾಲ ಕೈ ಇಟ್ಟು ತೋರಿಸಿದ್ಳು. ಮಂದ್ಯಾಗ ನಿನ್ನ ಮಾರಿ ಸಣ್ಣದಾಗಿತ್ತು. ಅದಕ್ಕ ತಗದೆ."

 ಅವ್ವ ಲಿಂಗಕ್ಕೆ ನೀರು ಹಾಕಿದಳು, ವಿಭೂತಿ ಹಚ್ಚಿದಳು, ಒಂದು ಬಿಳಿ ಬಟ್ಟೆಯಲ್ಲಿ ಸುತ್ತಿ ನನ್ನ ಕೈಯಲ್ಲಿಟ್ಟಳು.

"ದಂಡೋತಿ ಹೊಳಿಗಿ ಹೋಗಿ ನೀನೇ ಬಿಟ್ಟು ಬಾ. ನನ್ನ ಕೈಲಿಂದ ಒಮ್ಮಿ ಬಿಡಿಸೀದಿ. ಇನ್ನೊಮ್ಮಿ ನನಗ ಆಗಂಗಿಲ್ಲ."

ಮರುದಿನ ಬೆಳಿಗ್ಗೆ ಕಾಗಿಣಾ ನದಿಯಲ್ಲಿ ಮೊಣಕಾಲುದ್ದ ನೀರಿಗೆ ಇಳಿದೆ. ದಡದಲ್ಲಿ ಬಟ್ಟೆ ಒಗೆಯುತ್ತಿದ್ದ ಹೆಂಗಸರು ಒಗೆದು, ಹಿಂಡಿ, ಮನೆಗೆ ಹೋದರು. ನಾನು ಮುಷ್ಟಿ ಬಿಚ್ಚಲಾಗದೆ ಇನ್ನೂ ಅಲ್ಲೇ ನಿಂತಿದ್ದೆ.