ಬೇಡವೆಂದ ಬೆಲ್ಲ

ಒಡ್ಡಿ ಹಿಡಿದಿದ್ದ ಸೆರಗು ನಡುಗಿ ಉಡಿಯಲ್ಲಿದ್ದ ಅಕ್ಕಿ ನೆಲಕ್ಕೆ ಚೆಲ್ಲಿತು. ಮಸ್ಕತ್‌ನಲ್ಲಿರುವ ಗಂಡನ ಬಳಿಗೆ ಹೊರಟಿದ್ದ ನನಗೆ ಇಳಕಲ್ಲಿನ ತವರಿನಲ್ಲಿ ಉಡಿ ತುಂಬುತ್ತಿದ್ದರು. ಹನ್ನೆರಡು ವರ್ಷಗಳಿಂದ ನನಗೆ ಸಕ್ಕರೆ ಕಾಯಿಲೆ. ವೀಸಾ, ವೈದ್ಯರ ಪತ್ರ, ಆರು ತಿಂಗಳಿಗಾಗುವಷ್ಟು ಇನ್ಸುಲಿನ್ ಎಂದು ಓಡಾಡಿ ಸಾಕಾಗಿಹೋಗಿತ್ತು. ಆ ಮಧ್ಯಾಹ್ನ ಇನ್ಸುಲಿನ್ ಚುಚ್ಚಿಕೊಂಡು ಊಟಕ್ಕೆ ಕೂರುವಷ್ಟರಲ್ಲಿ ಓಣಿಯ ಹೆಂಗಸರು ಬಂದುಬಿಟ್ಟರು, ಊಟ ಹಾಗೇ ಉಳಿಯಿತು. ಉಡಿಗೆ ಬೆಲ್ಲ ಹಾಕಬೇಡಿ ಎಂದು ಒಬ್ಬೊಬ್ಬರಿಗೂ ಹೇಳಿದ್ದೆ. ಸೀರೆ ನೇಯುವ ಪಕ್ಕದ ಮನೆಯ ಅಜ್ಜಿ ಮಾತ್ರ ಕೇಳದೆ ಒಂದು ಚೂರು ಹಾಕಿದಾಗ ಸಿಟ್ಟೇ ಬಂದಿತ್ತು.

ಈಗ ನಾನು ಬೆವರುತ್ತಿದ್ದೆ. "ಊರು ಬಿಡಾಕ ಸಂಕಟ ಆಗೈತಿ, ಪಾಪ" ಎಂದರು ಹೆಂಗಸರು. ಅಜ್ಜಿ ನನ್ನ ಕೈ ಹಿಡಿದು ನೋಡಿ, ಅದೇ ಬೆಲ್ಲವನ್ನು ಬಾಯಿಗೆ ತುರುಕಿದರು.

"ಇದು ಸಂಕಟ ಅಲ್ಲ ತಂಗಿ, ಶುಗರ್ ಇಳದೈತಿ. ನಮ್ಮ ಮನಿಯವರಿಗೂ ಹಿಂಗ ಆಗ್ತಿತ್ತು. ಅಲ್ಲಿ ನಿನ್ನ ಕೈ ಯಾರು ಹಿಡದು ನೋಡ್ತಾರ?"

ಸಂಜೆ ಗಂಡನಿಗೆ ಫೋನ್ ಮಾಡಿದೆ. ಅವರಿಗೆ ನನ್ನ ಕಾಯಿಲೆ ಗೊತ್ತಿತ್ತು, ನಡುಕ ಗೊತ್ತಿರಲಿಲ್ಲ. ಟಿಕೆಟ್ಟಿನ ಮಾತು ಬಿಟ್ಟು ಮೊದಲು ಅದನ್ನೇ ಹೇಳಿದೆ.