ನಿದ್ದೆ ಹೊಡೆದ ಅರವತ್ತನಾಲ್ಕು

ನನಗೊಂದು ದುರಭ್ಯಾಸವಿದೆ. ಕೆಲಸ ನಿಧಾನವಾದರೆ ಮೊದಲು ಮನುಷ್ಯರನ್ನು ಬೈಯುತ್ತೇನೆ, ಆಮೇಲೆ ಯಂತ್ರದ ಕಡೆ ನೋಡುತ್ತೇನೆ. ಯಂತ್ರ ನಾನೇ ಆರಿಸಿ ತಂದದ್ದಾದರೆ ಆ ಕಡೆ ನೋಡುವುದೇ ಇಲ್ಲ.

ಬೇಲೂರಿನ ನಮ್ಮ ಪುಟ್ಟ ಆಫೀಸಿನಲ್ಲಿ ಹಳೇಬೀಡಿನ ಶಿಲ್ಪಗಳ ಸಾವಿರಾರು ಫೋಟೋ ಜೋಡಿಸಿ, ಕಂಪ್ಯೂಟರಿನಲ್ಲಿ ಸುತ್ತ ತಿರುಗಿಸಿ ನೋಡುವಂಥ ಆಕೃತಿ ಮಾಡುತ್ತೇವೆ. ಅದಕ್ಕೆಂದು ನೂರಿಪ್ಪತ್ತೆಂಟು ಕೋರುಗಳ, ಅಂದರೆ ಒಟ್ಟಿಗೇ ಲೆಕ್ಕ ಮಾಡುವ ಅಷ್ಟು ಮಿದುಳುಗಳ, ಯಂತ್ರವೊಂದನ್ನು ಹಠ ಹಿಡಿದು ತರಿಸಿದೆ. ಬಂದ ದಿನ ಕುಂಕುಮ ಇಟ್ಟು, ಅರಸೀಕೆರೆಯ ಕಾಯಿ ಒಡೆದು, ಮೂರು ದಿನದ ಕೆಲಸ ಇನ್ನು ಒಂದೇ ದಿನಕ್ಕೆ ಮುಗಿಯುತ್ತದೆಂದು ಭಾಷಣವನ್ನೂ ಬಿಗಿದೆ. ಎರಡು ದಿನ ಹಿಡಿಯಿತು.

ಪ್ರೋಗ್ರಾಂ ಬರೆದವರು ಮಾದಿಹಳ್ಳಿಯಿಂದ ಬಸ್ಸಿನಲ್ಲಿ ಬರುವ ಸವಿತಾ. ಆಫೀಸಿನವರೆಲ್ಲರ ಮುಂದೆ, "ಯಂತ್ರ ಚೆನ್ನಾಗೇ ಇದೆ ಕಣ್ರೀ, ನಿಮ್ಮ ಪ್ರೋಗ್ರಾಮಿಗೇ ಸೋಮಾರಿತನ" ಎಂದುಬಿಟ್ಟೆ. ಅಂದಿನಿಂದ ಅವರು 'ಹೌದು ಸಾರ್', 'ಇಲ್ಲ ಸಾರ್' ಬಿಟ್ಟು ಮೂರನೆಯ ಮಾತಾಡಲಿಲ್ಲ. ಅವರ ಕೋಡುಬಳೆ ಡಬ್ಬಿ ನನ್ನ ಮೇಜಿನವರೆಗೆ ಬರುವುದೂ ನಿಂತಿತು. ಕೆಲಸ ಬಿಡುವ ಯೋಚನೆಯಲ್ಲಿದ್ದಾರೆಂದು ಕಿವಿಗೆ ಬಿದ್ದಾಗ ನಿಜಕ್ಕೂ ಹೆದರಿದೆ. ಅಷ್ಟು ಒಳ್ಳೆಯ ಕೆಲಸಗಾರರು ನನಗೆ ಮತ್ತೆ ಸಿಗುವುದಿಲ್ಲ.

ನಾಲ್ಕನೆಯ ದಿನ ಬೆಳಿಗ್ಗೆ ಅವರೇ ಕರೆದು ಪರದೆ ತೋರಿಸಿದರು. ಅರ್ಧ ಕೋರುಗಳು ಬೆವರು ಸುರಿಸುತ್ತಿದ್ದವು, ಇನ್ನರ್ಧ ಕಾಲು ಚಾಚಿ ಮಲಗಿದ್ದವು.

"ಅರವತ್ನಾಕಕ್ಕಿಂತ ಜಾಸ್ತಿ ಇದ್ರೆ ಈ ಸಿಸ್ಟಮ್ಮು ಕೋರ್‌ಗಳ್ನ ಎರಡು ಗುಂಪು ಮಾಡ್ತೈತೆ ಸಾರ್. ನಮ್ ಪ್ರೋಗ್ರಾಂ ಓಡ್ಸೋ ರನ್‌ಟೈಮು ಒಂದೇ ಗುಂಪಲ್ಲಿ ಕೂತೈತೆ. ಇನ್ನೊಂದನ್ನೂ ಬಳಸ್ಕೋ ಅಂತ ಸೆಟ್ಟಿಂಗಲ್ಲಿ ನಾವೇ ಹೇಳ್ಬೇಕು."

ಹೇಳದಿದ್ದರೆ ಬಳಸುವುದಿಲ್ಲ, ಅದು ಅದರ ಹುಟ್ಟುಗುಣ, ಡೀಫಾಲ್ಟು. ನಗಬೇಡಿ. ಹಳೇಬೀಡಿನದು ಜೋಡಿ ಗುಡಿ, ನಂದಿಯೂ ಎರಡು. ಒಂದರ ಮುಂದೆ ಫೋಟೋ ತೆಗೆಸಿಕೊಂಡು, ಇನ್ನೊಂದಿದೆ ಎಂದು ಯಾರೂ ಹೇಳದ್ದರಿಂದ ಹಾಗೇ ಬಸ್ಸು ಹತ್ತುವವರಿದ್ದಾರೆ. ಮೊದಲ ಸಲ ಹೋದಾಗ ನಾನೂ ಅವರಲ್ಲೊಬ್ಬ.

ಸವಿತಾ ಎರಡು ಸಾಲು ಸೇರಿಸಿದರು. ನೂರಿಪ್ಪತ್ತೆಂಟೂ ಎದ್ದು ಕೂತವು, ಫ್ಯಾನು ಭೋರ್ಗರೆಯಿತು, ಸಂಜೆಯೊಳಗೆ ಕೆಲಸ ಮುಗಿಯಿತು.

ಎಲ್ಲರೂ ಕಾಫಿಗೆ ಹೋದ ಸಮಯ ನೋಡಿಕೊಂಡು ಅವರ ಮೇಜಿನ ಹತ್ತಿರ ಹೋಗಿ ಮೆಲ್ಲಗೆ, "ತಪ್ಪಾಯ್ತು ಕಣ್ರೀ ಸವಿತಾ, ದುಡುಕಿ ಅಂದ್ಬಿಟ್ಟೆ" ಎಂದೆ. ಇಷ್ಟು ಹೇಳಲು ಪಟ್ಟ ಕಷ್ಟಕ್ಕೆ ಸ್ವಲ್ಪ ಮೆಚ್ಚುಗೆಯನ್ನೂ ನಿರೀಕ್ಷಿಸಿದ್ದೆ.

ಅವರು ತಲೆ ಎತ್ತಲಿಲ್ಲ. "ಬೈಯೋವಾಗ ಎಲ್ಲಾರ್ಗೂ ಕೇಳ್ಸೋ ಹಂಗೆ ಬೈದ್ರಿ. ಇದ್ಯಾಕ್ ಸಾರ್ ನನ್ನೊಬ್ಳಿಗೇ?"

ಕಾಫಿ ಕುಡಿದವರು ಒಬ್ಬೊಬ್ಬರಾಗಿ ಬಂದರು. ಎಲ್ಲರೂ ಕೂರುವವರೆಗೆ ಕಾದು, ಎದ್ದು ನಿಂತು ಗಂಟಲು ಸರಿಮಾಡಿಕೊಂಡೆ. ಯಂತ್ರದ ಸೆಟ್ಟಿಂಗು ಬದಲಿಸಲು ಎರಡು ಸಾಲು ಸಾಕಾಗಿತ್ತು. ಐವತ್ತು ದಾಟಿದ ನನ್ನದನ್ನು ಬದಲಿಸಲು ಆರು ಜನ ತಲೆಯೆತ್ತಿ ನೋಡಬೇಕಾಯಿತು.