ಪಂದ್ಯದಲ್ಲಿ ಇಳಿದ ಹೃದಯ ಬಡಿತ

೧೯೯೯ರಲ್ಲಿ ನಾನು ನಾಗಪುರದ ಒಂದು ದೈಹಿಕ ಶಿಕ್ಷಣ ಕಾಲೇಜಿನಲ್ಲಿ ಶರೀರಕ್ರಿಯಾಶಾಸ್ತ್ರದ ಉಪನ್ಯಾಸಕಿಯಾಗಿದ್ದೆ. ಆ ವರ್ಷ ನಮ್ಮ ವಿಭಾಗಕ್ಕೆ ಹಾರ್ಟ್ ರೇಟ್ ಮಾನಿಟರ್‌ಗಳು ಬಂದವು. ಎದೆಗೊಂದು ಪಟ್ಟಿ, ಕೈಗೊಂದು ಗಡಿಯಾರ. ಆಟಗಾರನ ಹೃದಯ ನಿಮಿಷಕ್ಕೆ ಎಷ್ಟು ಸಲ ಬಡಿಯಿತು ಎಂಬುದು ಅದರಲ್ಲಿ ದಾಖಲಾಗುತ್ತಿತ್ತು. ಫುಟ್‌ಬಾಲ್ ಅಭ್ಯಾಸದಲ್ಲಿ ದೇಹಕ್ಕೆ ಬೀಳುವ ಶ್ರಮವನ್ನು ಪಂದ್ಯದ ಶ್ರಮದೊಂದಿಗೆ ಹೋಲಿಸುವುದು ನಾನು ಕೈಗೊಂಡ ಕೆಲಸ. ಒಂದು ಸರಕಾರಿ ಇಲಾಖೆಯ ತಂಡದ ಕೋಚ್ ವಿಲಾಸ್ ಸರ್ ತಮ್ಮ ಆಟಗಾರರ ಮೇಲೆ ಪ್ರಯೋಗಕ್ಕೆ ಒಪ್ಪಿದರು.

ಆ ತಂಡದ ಮಿಡ್‌ಫೀಲ್ಡರ್ ಮಂಜು. ಮೈದಾನದ ನಡುವೆ ಆಡುತ್ತ, ದಾಳಿಗೂ ರಕ್ಷಣೆಗೂ ಎಲ್ಲರಿಗಿಂತ ಹೆಚ್ಚು ಓಡಬೇಕಾದ ಜಾಗ ಅದು. ಇಲಾಖೆಯಲ್ಲಿ ಅವನದು ತಾತ್ಕಾಲಿಕ ನೌಕರಿ. ಮನೆಯವರು ಮೂಲತಃ ಗದಗಿನವರು. ತಂದೆಗೆ ನಾಗಪುರದ ಗಾಂಧಿಬಾಗ್ ಪೇಟೆಯಲ್ಲಿ ಬಟ್ಟೆ ವ್ಯಾಪಾರ. ನಾನು ಧಾರವಾಡದವಳೆಂದು ತಿಳಿದ ದಿನದಿಂದ ಮಂಜುವಿಗೆ ನಾನು ‘ಅಕ್ಕ’ನಾದೆ. ಎಷ್ಟೋ ಭಾನುವಾರ ಅವರ ಮನೆಯಲ್ಲೇ ರೊಟ್ಟಿ ಊಟ ಮಾಡಿದ್ದೇನೆ.

ಲೀಗ್ ಪಂದ್ಯಗಳಲ್ಲಿ ನಾನು ನಿರೀಕ್ಷಿಸಿದ್ದೇ ಕಂಡಿತು. ಅಭ್ಯಾಸದಲ್ಲಿ ೧೫೦ರ ಆಸುಪಾಸು ಇರುತ್ತಿದ್ದ ಬಡಿತ ಪಂದ್ಯದಲ್ಲಿ ೧೭೦ ಮುಟ್ಟುತ್ತಿತ್ತು. ಸೆಮಿಫೈನಲ್‌ನಲ್ಲಿ ಮಾತ್ರ ಮಂಜುವಿನ ಬಡಿತ ೧೩೦ರ ಮೇಲೆ ಏರಲೇ ಇಲ್ಲ. ಚೆಂಡು ಪಕ್ಕದಲ್ಲೇ ಹೋದರೂ ಅವನು ನಡೆಯುತ್ತಿದ್ದ. ತಂಡ ಸೋತಿತು.

“ಬೇಕಂತಲೇ ಓಡಲಿಲ್ಲ ಮೇಡಂ,” ಎಂದು ವಿಲಾಸ್ ಸರ್ ಹಿಂದಿಯಲ್ಲಿ ಹೇಳಿದರು.

ನನಗೆ ಬೇರೆಯೇ ಭಯ. ಶ್ರಮ ಹೆಚ್ಚಿದಾಗ ಬಡಿತ ಏರದಿರುವುದು ಹೃದಯದ ಕಾಯಿಲೆಯ ಲಕ್ಷಣವೂ ಆಗಬಹುದು; ಆಗ ಮನಸ್ಸಿದ್ದರೂ ಓಡಲಾಗುವುದಿಲ್ಲ. ಮಂಜುವನ್ನು ಕರೆದು ಕೇಳಿದೆ.

“ಯಾಕೋ ದಮ್ಮ ಹತ್ತಿದಂಗಾತಕ್ಕ. ಕಾಲs ಏಳಲಿಲ್ಲ.”

ಮರುದಿನವೇ ಸ್ಕೂಟರ್ ಹಿಂದೆ ಕೂರಿಸಿಕೊಂಡು ಧರಮಪೇಠದ ಹೃದಯ ತಜ್ಞರಲ್ಲಿಗೆ ಕರೆದೊಯ್ದೆ. ಇಸಿಜಿ ಆಯಿತು, ಟ್ರೆಡ್‌ಮಿಲ್ ಮೇಲೆ ಓಡಿಸಿ ನೋಡಿದ್ದೂ ಆಯಿತು. ಹೊರಗೆ ಬೆಂಚಿನ ಮೇಲೆ ಕುಳಿತು, ಇವನ ತಾಯಿಗೆ ಏನು ಹೇಳಲಿ ಎಂದು ಯೋಚಿಸುತ್ತಿದ್ದೆ. ಹೃದಯದಲ್ಲಿ ದೋಷವೇನೂ ಇರಲಿಲ್ಲ. ಆ ದಿನದ ಮಟ್ಟಿಗೆ ಮೈ ಸರಿಯಿರಲಿಲ್ಲವೇನೋ ಎಂದು ನಾನೇ ವಿಲಾಸ್ ಸರ್‌ಗೆ ತಿಳಿಹೇಳಿದೆ. ತಪ್ಪಾಗಿ ಶಂಕಿಸಿದ್ದಕ್ಕೆ ಅವರು ಇಡೀ ತಂಡದೆದುರು ಮಂಜುವಿನ ಕ್ಷಮೆ ಕೇಳಿದರು. ಮಂಜು ತಲೆ ತಗ್ಗಿಸಿ ನಿಂತಿದ್ದ. ಸಂಕೋಚ ಅಂದುಕೊಂಡೆ.

ಕೆಲ ವಾರಗಳ ನಂತರ ಅವನ ತಂದೆ ಪೇಢೆ ಹಿಡಿದುಕೊಂಡು ನಮ್ಮ ಮನೆಗೆ ಬಂದರು.

“ಮಂಜುಗ ಪರ್ಮನೆಂಟ್ ನೌಕರಿ ಆತ್ರಿ. ಬಾಯಿ ಸಿಹಿ ಮಾಡ್ಕೊಳ್ರಿ.”

ಎಲ್ಲಿ ಎಂದು ಕೇಳಿದೆ. ಸೆಮಿಫೈನಲ್ ಗೆದ್ದ ತಂಡದ ಸಂಸ್ಥೆಯಲ್ಲೇ.

“ಆ ಮ್ಯಾಚಿನ ಮೊದಲs ಮಾತು ಕೊಟ್ಟಿದ್ರು ನೋಡ್ರಿ. ಬರೋಬರ್ ನಡೆಸಿಕೊಟ್ರು.”

ಪಾಪ, ಆ ಮಾತಿಗೆ ಬದಲಾಗಿ ಮಗ ಏನು ಕೊಟ್ಟಿದ್ದ ಎಂಬುದು ಅವರಿಗೆ ಗೊತ್ತಿರಲಿಲ್ಲ. ಕೈಯಲ್ಲಿದ್ದ ಪೇಢೆಯನ್ನು ಅವರೆದುರು ತಿಂದೆ.

ಸಂಜೆ ಮೈದಾನದ ಬಳಿ ಮಂಜು ಸಿಕ್ಕ. ಅವನು ನಿರಾಕರಿಸಲಿಲ್ಲ.

“ಓಡಬ್ಯಾಡ ಅಂದ್ರಕ್ಕ, ಅಷ್ಟs. ಎಷ್ಟು ವರ್ಷ ಟೆಂಪರರಿ ಇರ್ಲಿ?”

“ಅದು ನಿನಗ, ನಿಮ್ಮ ತಂಡಕ್ಕ ಬಿಟ್ಟಿದ್ದು. ದವಾಖಾನಿಗೆ ಯಾಕ ಬಂದಿ? ನಾ ಅಂಜಿದ್ದು ಕಂಡಿದ್ದಿ ಹೌದಲ್ಲೋ?”

“ನೀವು ಹೇಳಿದ್ರ ಸರ್ ನಂಬ್ತಾರ ಅಂತ ಗೊತ್ತಿತ್ತು.”

ಸಿಟ್ಟಿಗಿಂತ ಹೆಚ್ಚಾಗಿ ಅವಮಾನವಾಯಿತು. ಆ ಬೆಂಚಿನ ಮೇಲೆ ನಾನು ಪಟ್ಟ ಕಳವಳವೂ ಅವನ ಲೆಕ್ಕದಲ್ಲಿತ್ತು. ನನ್ನ ವರದಿಯಲ್ಲಿ ಅವನ ಸೆಮಿಫೈನಲ್ ಅಂಕಿಗಳ ಎದುರು ‘ಅನಾರೋಗ್ಯ’ ಎಂದು ಬರೆದಿದ್ದೆ. ಅದನ್ನು ಹೊಡೆದು ‘ಆಟಗಾರ ಪೂರ್ಣ ಶ್ರಮ ಹಾಕಲಿಲ್ಲ’ ಎಂದು ಬರೆದೆ. ವಿಲಾಸ್ ಸರ್ ಓದಿ ವರದಿಯನ್ನು ಮರಳಿಸಿದರು. ಮಂಜುವಿನ ಮನೆಗೆ ನಾನು ಮತ್ತೆ ಊಟಕ್ಕೆ ಹೋಗಲಿಲ್ಲ.

ಅಭ್ಯಾಸಕ್ಕೂ ಪಂದ್ಯಕ್ಕೂ ಇರುವ ಅಂತರವನ್ನು ಮುಂದೆ ಎಷ್ಟೋ ವರ್ಷ ಪಾಠ ಮಾಡಿದೆ. ಅಭ್ಯಾಸದಲ್ಲಿ ಕೋಚ್ ಸೀಟಿ ಊದಿ ಓಡಿಸಬಹುದು. ಪಂದ್ಯದಲ್ಲಿ ಆಟಗಾರ ತಾನಾಗಿ ಕೊಟ್ಟಷ್ಟೇ ಓಟ ಸಿಗುತ್ತದೆ. ಅವನು ಯಾಕೆ ಕೊಡಲಿಲ್ಲ ಎಂಬುದನ್ನು ಹೇಳುವ ಯಂತ್ರ ನಮ್ಮ ವಿಭಾಗಕ್ಕೆ ಬಂದಿರಲಿಲ್ಲ.